ಒಂದು ಗೇಣಿನ ಸಿಟ್ಟು

ಏಕಸಂಬಿ ಬಳಿಯ ಬಸದಿಯಲ್ಲಿ ಮರುದಿನ ಬಾಹುಬಲಿಗೆ ಅಭಿಷೇಕ. ಕೊಡ ಹಿಡಿದವರನ್ನು ಸ್ವಾಮಿಯ ನೆತ್ತಿಯವರೆಗೆ ಒಯ್ಯಬೇಕಾದ ಕರೆಂಟಿನ ಲಿಫ್ಟು ಮಾತ್ರ ಒಂದು ಗೇಣು ಕೆಳಗೇ ನಿಂತುಬಿಡುತ್ತಿತ್ತು. ಹಾಲು ನೆತ್ತಿ ಬಿಟ್ಟು ನೇರ ಮೂಗಿಗೇ ಬೀಳುವಂತಿತ್ತು.

ರಿಪೇರಿಗೆ ಬಂದವನು ಊರಿನ ಮೋಟಾರು ಮೆಕ್ಯಾನಿಕ್ ಧರೆಪ್ಪ. ಬೆಳಿಗ್ಗೆ ಬರೀ ಚಹಾ ಕುಡಿದು ಬಂದಿದ್ದ. ಹೆಂಡತಿ ತ್ರಿಶಲಾ ಅಡುಗೆ ಮಾಡಿಟ್ಟು ಕಾಯುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಯಾರೂ ತುತ್ತು ಮುಟ್ಟುವುದಿಲ್ಲ. ಹಸಿವಾದರಂತೂ ಧರೆಪ್ಪನ ಮೂಗು ಕಮ್ಮಾರನ ತಿದಿಯಂತೆ ಊದತೊಡಗುತ್ತಿತ್ತು.

ಲಿಫ್ಟನ್ನು ಎತ್ತುವುದು ಆಕ್ಚುವೇಟರು. ಮೋಟಾರು ತಿರುಗಿದಂತೆ ಉಕ್ಕಿನ ರಾಡು ಹೊರಚಾಚುತ್ತದೆ, ಸ್ವಿಚ್ಚು ತಾಗಿದಲ್ಲಿ ನಿಲ್ಲುತ್ತದೆ. ಆ ಸ್ವಿಚ್ಚನ್ನು ಕೂದಲೆಳೆಯಷ್ಟು ಸರಿಸುವುದು, ಏರಿ ನೋಡುವುದು, ಇಳಿದು ಮತ್ತೆ ಸರಿಸುವುದು. ಮಧ್ಯಾಹ್ನ ಇದರಲ್ಲೇ ಜಾರಿತು.

"ನಮ್ಮ ಗೋದಾಮಿನ್ಯಾಗೂ ಹಿಂತಾದ್ದ ಐತಿ," ಅಂದ ನಿಪ್ಪಾಣಿಯಿಂದ ದರ್ಶನಕ್ಕೆ ಬಂದಿದ್ದ ತಂಬಾಕಿನ ವ್ಯಾಪಾರಿ ಸುಹಾಸ. "ಒಂದು ಒದಿ ಕೊಟ್ರ ಸುಮ್ನ ಏರತೈತಿ."

"ಹಂಗಾರ ಸ್ವಾಮೀನ್ನ ನಿಮ್ಮ ಗೋದಾಮಿಗೇ ಒಯ್ಯರಿ," ಅಂದ ಧರೆಪ್ಪ.

"ಮುಹೂರ್ತ ನೋಡಿ ಸ್ಕ್ರೂ ತಿರವಬೇಕಿತ್ತು ನೀ," ಅಂದರು ಕಮಿಟಿಯ ಆಬಾಸಾಹೇಬರು.

ಧರೆಪ್ಪ ಹಲ್ಲು ಕಡಿದು ಲಿಫ್ಟಿನಲ್ಲಿ ಮೇಲೇರತೊಡಗಿದ. ಕೆಳಗೆ ಸುಹಾಸ ಸಹಾಯ ಮಾಡೋಣವೆಂದು ಸ್ವಿಚ್ಚಿನ ನಟ್ಟು ಬಿಚ್ಚಿದ. ಸ್ವಿಚ್ಚು ಜಾರಿತು, ಲಿಫ್ಟು ಸ್ವಾಮಿಯ ಮೊಣಕಾಲಿನ ಮಟ್ಟದಲ್ಲೇ ನಿಂತಿತು. ದಿನವಿಡೀ ಮಾಡಿದ್ದೆಲ್ಲ ಮಣ್ಣುಪಾಲು.

ಧರೆಪ್ಪ ಏಣಿ ಹಿಡಿದು ಇಳಿದವನೇ ಗುಡುಗಿದ: "ಇದು ನೆಟ್ಟಗಾಗೂ ತನಕ ನಾ ಅನ್ನಾ ಮುಟ್ಟೂದಿಲ್ಲ. ನೀವು ಇದನ್ನ ಮುಟ್ಟಬ್ಯಾಡ್ರಿ."

ಆಬಾಸಾಹೇಬರು ಕೈ ಮುಗಿದರು. "ಎಂಥಾ ನಿಯಮ ತಗೊಂಡಾನ ನೋಡ್ರಿ, ವ್ರತಾ ಅಂದ್ರ ಹಿಂಗ."

"ನಿಯಮ ಅಲ್ರೀ ಕಾಕಾ, ಸಿಟ್ಟು."

ಯಾರೂ ಕಿವಿಗೊಡಲಿಲ್ಲ. ಆದರೆ ಮತ್ತೆ ಯಾರೂ ಕೈ ಹಾಕಲೂ ಇಲ್ಲ. ಲಿಫ್ಟು ಕೊನೆಗೂ ನೆತ್ತಿಯ ಮಟ್ಟಕ್ಕೆ ಏರಿ ನಿಂತಾಗ ಹೊತ್ತು ಇನ್ನೂ ಆಳೆತ್ತರ ಇತ್ತು. ಧರೆಪ್ಪ ಕೈ ತೊಳೆದು ಮನೆಯ ದಾರಿ ಹಿಡಿದ.

"ನಿಯಮ ಮುಗಿಸಿದಾಂವನ್ನ ಹಂಗ ಕಳಸಾಕ ಬರತೈತೇನು?" ಎಂದು ಆಬಾಸಾಹೇಬರು ಅವನನ್ನು ಕುರ್ಚಿಗೆ ಒತ್ತಿ ಕೂರಿಸಿದರು. ಶಾಲು, ಹಾರ, ಮೈಕು ಬಂದವು. ಅನ್ನತ್ಯಾಗದ ಮಹಿಮೆಯ ಮೇಲೆ ಭಾಷಣ ಶುರುವಾಯಿತು. ಒಬ್ಬರು ಮಾತಾಡುತ್ತಿದ್ದರೆ ಉಳಿದವರು ಸರದಿಯಂತೆ ಎದ್ದು ಉಂಡು ಬರುತ್ತಿದ್ದರು. ಸುಹಾಸನೂ ಎಲ್ಲೋ ಮಾಯವಾಗಿದ್ದವನು ತೇಗುತ್ತ ಬಂದು ಮೈಕು ಹಿಡಿದ. ಧರೆಪ್ಪ ಏಳಹೋದಾಗಲೆಲ್ಲ ಹೆಗಲ ಮೇಲೆ ಭಕ್ತಿಯ ಕೈಯೊಂದು ಬೀಳುತ್ತಿತ್ತು.

"ಇನ್ನ ಧರೆಪ್ಪ ಊಟಕ್ಕ ಹೋಗ್ಲಿ," ಎಂದು ಆಬಾಸಾಹೇಬರು ಮುಗಿಸಿದಾಗ ಪಡುವಣದಲ್ಲಿ ಕೆಂಪೂ ಉಳಿದಿರಲಿಲ್ಲ.

ಬಾಗಿಲಲ್ಲಿ ತ್ರಿಶಲಾ ಹೆಮ್ಮೆಯಿಂದ ನಿಂತಿದ್ದಳು. "ನೀವು ನಿಯಮದಾಗ ಅದೀರಿ ಅಂತ ಆ ನಿಪ್ಪಾಣಿ ಸಾವಕಾರ್ರು ಬಂದು ಹೇಳಿದ್ರು. ಪಾಪ, ಹಸದಿದ್ರು. ನಿಮ್ಮ ತಾಟ ಅವರಿಗೇ ಬಡಿಸಿದ್ನಿರಿ."