ಬೀಳುವವರ ಸರದಿ

ಸೈಕಲ್ ಪಂದ್ಯದಲ್ಲಿ ಗೆದ್ದವನನ್ನು ಟಿವಿಯಲ್ಲಿ ಹನ್ನೊಂದು ಸೆಕೆಂಡ್ ತೋರಿಸುತ್ತಾರೆ, ಬಿದ್ದವನನ್ನು ನಾಲ್ಕು ನಿಮಿಷ. ಸೈಕಲ್ ತಂಡವೊಂದರ ಪ್ರಾಯೋಜಕರಾದ ನೋವಿನ ಮುಲಾಮಿನ ಕಂಪನಿಯು ಈ ಅಂಶವನ್ನು ಮೂರು ಸಭೆಗಳಲ್ಲಿ ಕೂಲಂಕಷವಾಗಿ ಪರಿಶೀಲಿಸಿ, ಸುತ್ತೋಲೆಯೊಂದನ್ನು ಹೊರಡಿಸಿತು:

"ಪ್ರತಿ ಪಂದ್ಯದಲ್ಲೂ ತಂಡದ ಒಬ್ಬ ಸವಾರನು ಬೀಳತಕ್ಕದ್ದು. ಎಡಮಗ್ಗುಲಿಗೇ ಬಿದ್ದು, ಬಲತೊಡೆಯ ಮೇಲಿನ ಕಂಪನಿಯ ಹೆಸರು ಕ್ಯಾಮೆರಾಕ್ಕೆ ಕಾಣುವಂತೆ ನೋಡಿಕೊಳ್ಳತಕ್ಕದ್ದು. ನಲವತ್ತು ಸೆಕೆಂಡಿನೊಳಗೆ ಎದ್ದಲ್ಲಿ ಬಿದ್ದಂತೆ ಪರಿಗಣಿಸಲಾಗುವುದಿಲ್ಲ. ಗೆಲ್ಲಲು ಇಚ್ಛಿಸುವವರು ಹದಿನೈದು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು."

ತಂಡದ ಮ್ಯಾನೇಜರ್ ಸಹಿ ಹಾಕಿದ. ಹನ್ನೆರಡು ವರ್ಷ ಸೈಕಲ್ ತುಳಿದರೂ ಒಂದು ಪಂದ್ಯವನ್ನೂ ಗೆದ್ದವನಲ್ಲ; ನಾಯಕನಿಗೆ ನೀರಿನ ಬಾಟಲಿ ಹೊತ್ತು ಹೊತ್ತು 'ಬಾಟ್ಲಿ' ಎಂದೇ ಹೆಸರಾದವನು. ಒಮ್ಮೆ ಮಾತ್ರ ಕೊನೆಯ ಏರಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಬ್ರೇಕ್ ಹಿಡಿದು ನಾಯಕನಿಗಾಗಿ ಕಾಯುವಂತೆ ಆಗಿನ ಮ್ಯಾನೇಜರ್ ಕಾರಿನಿಂದ ಹೇಳಿದ್ದ. ಇವನು ಹಿಡಿದ, ಕಾದ. ಆ ವಿಧೇಯತೆಯೇ ಅವನನ್ನು ಈ ಹುದ್ದೆಗೆ ಅರ್ಹನನ್ನಾಗಿಸಿತೆಂದು ನೇಮಕಾತಿ ಪತ್ರದಲ್ಲೇ ಇದೆ. ಅಂದಿನ ಹೊಟ್ಟೆಯುರಿ ಇಂದಿಗೂ ಆರಿಲ್ಲ; ಆ ಬಗ್ಗೆ ಪತ್ರದಲ್ಲಿ ಏನೂ ಇಲ್ಲ.

ವರ್ಷದ ದೊಡ್ಡ ಪಂದ್ಯದ ದಿನ ಬೀಳುವ ಸರದಿ ಅವನ ಅಕ್ಕನ ಮಗನದು. ಬೀಳಲು ಒಳ್ಳೆಯ ಜಾಗ ಹುಡುಕುತ್ತಾ ಹುಡುಕುತ್ತಾ ಅವನು ಮೈಮರೆತು ಎಲ್ಲರನ್ನೂ ಹಿಂದೆ ಹಾಕಿಬಿಟ್ಟ.

"ಮಾವಾ, ಮುಂದೆ ಒಬ್ರೂ ಇಲ್ಲ! ಇನ್ನೊಂದೇ ಕಿಲೋಮೀಟರ್! ಗೆದ್ಬಿಡ್ಲಾ?" ಎಂದು ರೇಡಿಯೊದಲ್ಲಿ ಏದುಸಿರಿನ ದನಿ ಬಂತು.

ಕಾರಿನಲ್ಲಿ ಹಿಂಬಾಲಿಸುತ್ತಿದ್ದ ಬಾಟ್ಲಿ ಹೂಂ ಅನ್ನಲು ಬಾಯಿ ತೆರೆದ. ಪಕ್ಕದ ಸೀಟಿನಲ್ಲಿದ್ದ ಕಂಪನಿಯ ಪ್ರಚಾರಾಧಿಕಾರಿ ಕಡತ ತಿರುವಿ ನೋಡಿದ.

"ಅರ್ಜಿ ಬಂದಿಲ್ವಲ್ಲ, ಸಾರ್."

"ಇವತ್ತೇ ಬರೆಸ್ಕೊಡ್ತೀನಿ ಸಾರ್. ಒಂದ್ಸಲ ಗೆಲ್ಲಲಿ ಬಿಡಿ. ಜೀವನದಲ್ಲಿ ಒಂದೇ ಸಲ."

"ನಂದೇನೂ ಅಭ್ಯಂತರ ಇಲ್ಲ. ಆದ್ರೆ ಹದಿನೈದು ದಿನ ಅನ್ನೋದಕ್ಕೆ ಸಹಿ ಹಾಕಿರೋರು ನೀವೇ."

ಬಾಟ್ಲಿ ರೇಡಿಯೊ ಬಾಯಿಗೆ ಹಿಡಿದ. "ಬಿದ್ಬಿಡಪ್ಪಾ," ಎಂದ.

ಹಳೆಯ ಮ್ಯಾನೇಜರನ ದನಿಯೇ ತನ್ನ ಗಂಟಲಿನಿಂದ ಬಂದಂತಾಗಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಸೋದರಳಿಯ ಗುರಿಗೆರೆಗೆ ಇನ್ನೂರು ಮೀಟರ್ ಇರುವಾಗ ನಿಯಮಾನುಸಾರ ಬಿದ್ದ. ಭುಜದ ಮೂಳೆ ಮುರಿಯಿತು. ಟಿವಿಯವರು ಆರೂವರೆ ನಿಮಿಷ ತೋರಿಸಿದರು. ಗೆದ್ದವನು ಯಾರೆಂದು ಯಾರೂ ಕೇಳಲಿಲ್ಲ.

ಮರುದಿನ ಅಕ್ಕನ ಮನೆಗೆ ಹೋಗುವಾಗ ಬಾಟ್ಲಿ ಚಪ್ಪಲಿ ಏಟಿಗೂ ಸಿದ್ಧನಾಗಿದ್ದ. ಅಕ್ಕ ನಗುನಗುತ್ತಾ ಒಳಗೆ ಕರೆದು ಕೂರಿಸಿದಳು. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡ ಮಗ ನೆರೆಮನೆಯವರ ನಡುವೆ ಕುಳಿತು, ತಾನು ಬಿದ್ದದ್ದನ್ನು ಏಳನೆಯ ಸಲ ನೋಡುತ್ತಿದ್ದ.

"ಹನ್ನೆರಡು ವರ್ಷ ತುಳಿದ್ರೂ ನೀನು ಒಂದಿನ ಟಿವೀಲಿ ಕಾಣಿಸ್ಲಿಲ್ಲ ಕಣೋ," ಎಂದಳು ಅಕ್ಕ. "ಇವನು ಮತ್ತೆ ಯಾವತ್ತು ಬೀಳ್ತಾನೆ ಹೇಳು. ಈ ಸಲ ನೆಂಟರಿಗೆಲ್ಲ ಮೊದ್ಲೇ ತಿಳಿಸ್ಬೇಕು."

ಬಾಟ್ಲಿ ಡೈರಿ ತೆಗೆದು ನೋಡಿ, ಮೂಳೆ ಕೂಡಿದ ಮೇಲಿನ ಮೊದಲ ಭಾನುವಾರ, ಮಧ್ಯಾಹ್ನ ಮೂರೂವರೆಗೆ, ಎಂದ.