ಯಮನೂರನ ದೋಣಿಗೆ ನೀರು ತುಂಬಿದ್ದು

ಎಲ್ಲಕ್ಕೂ ಮೂಲ ಕಸ್ತೂರೆಮ್ಮನ ಮೈತುರಿಕೆ.

ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತವಳು ಒಂದು ಸಲ ಕುತ್ತಿಗೆ ಕೆರೆದುಕೊಂಡಳು, ಇನ್ನೊಂದು ಸಲ ಮೊಣಕೈ. ಮೂರನೇ ಸಲಕ್ಕೆ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಎದ್ದು ಅಂಗಳಕ್ಕೆ ಬಂದಳು. ಅಲ್ಲಿ ಅವಳ ಗಂಡ ಯಮನೂರ ಮೂಗಿಗೆ ಟವೆಲ್ ಕಟ್ಟಿಕೊಂಡು, ಹನ್ನೆರಡು ಅಡಿ ಉದ್ದದ ಫೈಬರ್ ದೋಣಿಯ ಬೆನ್ನನ್ನು ಉಸುಕಿನ ಕಾಗದದಿಂದ ತಿಕ್ಕುತ್ತಿದ್ದ. ಬಿಳಿ ಧೂಳು ಅವನ ಹುಬ್ಬಿನ ಮೇಲೆ, ತುಳಸಿಯ ಮೇಲೆ, ಒಣಹಾಕಿದ ಸೀರೆಗಳ ಮೇಲೆ ಸಮನಾಗಿ ಹಂಚಿಹೋಗಿತ್ತು.

"ನೋಡ್ರಿ, ಸಂಜಿಯೊಳಗ ಈ ದೋಣಿ ಮನಿ ಬಿಡಬೇಕು, ಇಲ್ಲಂದ್ರ ನಾ ಬಿಡಬೇಕು. ಬ್ಯಾಗ್ ಕಟ್ಟಿಟ್ಟೀನಿ. ಆರು ಗಂಟೆ ಬಸ್ಸಿಗೆ ಸಿದ್ದಾಪುರಕ್ಕ, ನಮ್ಮಪ್ಪನ ಮನಿಗೆ."

"ಇವತ್ತ ಹೋಗ್ತೈತಿ ಕಸ್ತೂರಿ. ನಾಕ ಗಂಟೆಕ್ಕ ತಾಹೇರ ಗಾಡಿ ತರ್ತಾನ."

"ತರಲಿ. ಬ್ಯಾಗ್ ಮಾತ್ರ ಬಿಚ್ಚಂಗಿಲ್ಲ."

ಕುಷ್ಟಗಿಯಲ್ಲಿ ದೋಣಿ ಯಾಕೆ ಅಂತ ನೀವು ಕೇಳಬಹುದು. ಓಣಿಯ ಜನ ಎರಡು ತಿಂಗಳಿಂದ ಅದನ್ನೇ ಕೇಳುತ್ತಿದ್ದರು. ಬೇಸಿಗೆಯಲ್ಲಿ ಕೆರೆಯಂಗಳ ಕ್ರಿಕೆಟ್ಟಿಗೆ ಒದಗುವ ಊರು ಇದು. ಯಮನೂರನದು ಸೋರುವ ನೀರಿನ ಟಾಕಿಗಳಿಗೆ ಫೈಬರ್ ತೇಪೆ ಹಾಕುವ ಕಸುಬು. ಯಾವುದೋ ಹಳೇ ಸಾಮಾನಿನ ಹರಾಜಿಗೆ ಎರಡು ಟಾಕಿ ತರಲು ಹೋಗಿದ್ದ. ಟಾಕಿ ಬೇಕಾದರೆ ಜೊತೆಗಿದ್ದ ದೋಣಿಯನ್ನೂ ಒಯ್ಯಬೇಕು ಅಂದರು. ಒಯ್ದ. ಟಾಕಿಗಳು ಕೆಲಸಕ್ಕೆ ಬರಲಿಲ್ಲ, ದೋಣಿ ಅಂಗಳ ತುಂಬಿತು.

ಮೋಟರು ಕೂಡಿಸುವ ಹಿಂದಿನ ಅಡ್ಡಹಲಗೆ ಪೂರ್ತಿ ಕೊಳೆತಿತ್ತು. ಫೈಬರಿನ ಹೊದಿಕೆ ಸೀಳಿ ಕೈ ಹಾಕಿದರೆ ಒಳಗಿನ ಕಟ್ಟಿಗೆ ನೆನೆಸಿದ ಅವಲಕ್ಕಿಯ ಹಾಗೆ ಬಂತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಯಮನೂರನಿಗೆ ದೋಣಿಯ ಮೇಲೆ ಜೀವ ಹುಟ್ಟಿಬಿಟ್ಟಿತು. ಹದಿನೆಂಟು ವರ್ಷ ಅವನು ತೇಪೆ ಹಾಕಿದ್ದೆಲ್ಲ ಮಾಳಿಗೆಯ ಮೇಲೆ ಕೂತಲ್ಲೇ ಕೂರುವ ಟಾಕಿಗಳಿಗೆ. ತನ್ನ ಕೈಯಲ್ಲಿ ರಿಪೇರಿಯಾದ ಒಂದೇ ಒಂದು ವಸ್ತು ಎಲ್ಲಿಗಾದರೂ ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ಅವನಿಗೆ ಆಸೆಯಾಯಿತು. ಕಸ್ತೂರೆಮ್ಮ ತಂಗಿಯ ಮಗುವಿನ ತೊಟ್ಟಿಲು ಕಾರ್ಯಕ್ಕೆ ನಾಲ್ಕು ದಿನ ಹೋಗಿದ್ದಾಗ ಎಲ್ಲಿಂದಲೋ ಭರ್ಜರಿ ಸಾಗವಾನಿ ಹಲಗೆಯೊಂದನ್ನು ಹೊಂದಿಸಿ, ಕೂಡಿಸಿ, ಮೇಲೆ ಮೂರು ಪದರು ಫೈಬರ್ ಹೊದಿಸಿದ. ಎಲ್ಲಿಂದ ಅಂತ ಕೇಳಿದವರಿಗೆ "ಸಿಕ್ತ್ರಿ" ಅನ್ನುತ್ತಿದ್ದ. ಧೂಳು ಕೂರಬಾರದೆಂದು ಮಲಗುವ ಮಂಚಕ್ಕೂ ತಲೆಯಿಂದ ಕಾಲಿನ ತನಕ ಚಾದರ ಹೊದಿಸಿದ್ದ. ಅಂಥ ಕಾಳಜಿಯ ಗಂಡ.

ಗಂಗಾವತಿ ಕಡೆ ಕೆರೆಗಳಲ್ಲಿ ಮೀನು ಹಿಡಿಸುವ ಗುತ್ತಿಗೆದಾರ ತಾಹೇರ ಹತ್ತು ಗಂಟೆಗೆ ಫೋನು ಮಾಡಿದ. "ಯಮನೂರಭಾಯ್, ಸೋರಂಗಿಲ್ಲ ಅಂತ ತೋರಿಸ್ರಿ, ಗಾಡಿಗೆ ಏರಿಸಿಬಿಡ್ತೀನಿ. ನೀವೂ ಬರ್ರಿ, ಮೊದಲನೇ ಸವಾರಿ ನಿಮ್ಮದ. ಹನಿ ಸೋರಿದ್ರೂ ಖಾಲಿ ಗಾಡಿ ವಾಪಸ್."

ಮೊದಲನೇ ಸವಾರಿ! ಯಮನೂರನ ಎದೆ ಉಬ್ಬಿತು. ಆದರೆ ದೋಣಿ ಸೋರುವುದಿಲ್ಲವೆಂದು ತೋರಿಸಲು ಅದನ್ನು ತೇಲಿಸಲು ನೀರೆಲ್ಲಿದೆ?

ಗೋಡೆಯಾಚೆಯಿಂದ ದೊಡ್ಡಬಸಪ್ಪ ಮಾಸ್ತರರ ತಲೆ ಮೂಡಿತು. ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು, ಕಲಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

"ದೋಣಿ ನೀರಾಗ ಇಡಾಕ ಆಗಂಗಿಲ್ಲಂದ್ರ ನೀರ ದೋಣ್ಯಾಗ ಇಡು. ಹೊರಗಿನ ನೀರು ಒಳಗ ಬರೂ ತೂತು, ಒಳಗಿನ ನೀರು ಹೊರಗ ಹೋಗೂ ತೂತು ಒಂದ. ಎರಡ ಬಾಗಲಾ ಇರ್ತಾವೇನು?"

"ಅಷ್ಟ ನೀರು ಎಲ್ಲೈತ್ರಿ ಮಾಸ್ತರ?"

"ನಮ್ಮ ಮನಿ ಕಟ್ಟೂ ಕೆಲಸಕ್ಕ ಟ್ಯಾಂಕರ್ ಬರಾಕ ಹತ್ತೈತಿ. ನೆಲದಾಗಿನ ತೊಟ್ಟಿ ಬಿರುಕು ಬಿಟ್ಟೈತಿ, ಎಲ್ಲಿ ಇಳಸೂದು ಅಂತ ನನಗೂ ಚಿಂತಿ ಆಗಿತ್ತು." ವಿಜ್ಞಾನದ ಒಳಗುಟ್ಟು ಇದಾಗಿತ್ತು.

ಹನ್ನೆರಡಕ್ಕೆ ಟ್ಯಾಂಕರ್ ಬಂತು. ಮರಳಿನ ಚೀಲಗಳ ಮೇಲೆ ಕೂತಿದ್ದ ದೋಣಿಗೆ ಪೈಪು ಬಿಟ್ಟರು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಯಮನೂರ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಎದ್ದು, ಆಚೆ ಬದಿಗೆ ಹೋಗಿ ಮತ್ತೆ ಮಲಗಿ ನೋಡಿದ. ಒಂದು ಗಂಟೆ ಕಾದರೂ ಒಂದು ಹನಿ ಸೋರಲಿಲ್ಲ. ಅವನ ಕಣ್ಣಲ್ಲಿ ಮಾತ್ರ ಎರಡು ಹನಿ ಬಂದವು.

ಸುದ್ದಿ ಓಣಿ ಮುಟ್ಟಲು ಅಷ್ಟು ಹೊತ್ತೂ ಬೇಕಾಗಲಿಲ್ಲ. ಹೆಂಗಸರು ಕೊಡ ತಂದರು. "ಹೆಂಗೂ ಚೆಲ್ಲೂ ನೀರಲ್ಲೇನು?" ಅಂದಳು ಒಬ್ಬಳು. "ಚೆಲ್ಲೂದಾ? ನಂದದು!" ಅಂತ ಮಾಸ್ತರರು ಗೋಡೆಯಾಚೆಯಿಂದ ಕೂಗಿದರು. ಸಿಟ್ಟಿನಿಂದ ಪಡಸಾಲೆಯಲ್ಲಿ ಕೂತಿದ್ದ ಕಸ್ತೂರೆಮ್ಮ ಕೂಡ ಗಲಾಟೆ ಕೇಳಿ ಹೊರಗೆ ಬಂದು, ಇಷ್ಟೊಂದು ನೀರು ತನ್ನ ಅಂಗಳದಲ್ಲಿ ನಿಂತಿದ್ದನ್ನು ನೋಡಿ ತುರಿಸಿಕೊಳ್ಳುವುದನ್ನೇ ಮರೆತಳು.

ಅಷ್ಟರಲ್ಲಿ ಎದುರುಮನೆಯ ಮುದುಕಿ ಯಂಕವ್ವ ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದಳು. "ಹೊಸಾದಾಗ ಗಂಗಮ್ಮ ತುಂಬ್ಯಾಳ. ಪೂಜಿ ಮಾಡಲಾರದ ಯಾರರ ಮುಟ್ಟೀರಿ!" ಹೊಸ ಬೋರಿಗೆ, ಹೊಸ ಟಾಕಿಗೆ ಪೂಜೆ ಮಾಡಿದ ಕೈ ಅದು, ದೋಣಿಯನ್ನು ಬಿಡುತ್ತದೆಯೇ? ಕಾಯಿ ಒಡೆದಳು. ಅರಿಷಿಣ ಹಚ್ಚುವ ಮುಂಚೆ ತೊಳೆಯಬೇಕಲ್ಲ, ಒಂದು ತಂಬಿಗೆ ನೀರನ್ನು ದೋಣಿಯ ಬೆನ್ನಿಗೆ, ಹಿಂದಿನ ಅಡ್ಡಹಲಗೆಯ ಮೇಲೆಯೇ, ರಪ್ಪನೆ ಎರಚಿದಳು.

ಯಮನೂರ "ಬ್ಯಾಡಬೇ!" ಅಂದದ್ದು ತಡವಾಯಿತು.

ತಿಕ್ಕಿದ ಫೈಬರ್ ಒಣಗಿದ್ದಾಗ ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತದೆ. ಒದ್ದೆಯಾದರೆ ಗಾಜು. ಮೇಲೆ ಬಣ್ಣ ಬಳಿಯುವುದೊಂದು ಬಾಕಿ ಉಳಿದಿತ್ತು. ನೀರು ಇಳಿದಂತೆ ದೋಣಿಯ ಬೆನ್ನೊಳಗೆ ಎರಡು ನವಿಲು ಕಾಣಿಸಿಕೊಂಡವು, ಕಾಲು ಮೇಲೆ, ತಲೆ ಕೆಳಗೆ. ನಡುವೆ ಕೆಂಪು ಅಕ್ಷರಗಳ ಎರಡು ಸಾಲು.

"ಎವ್ವಾ! ಗಂಗಮ್ಮ ಬರದಾಳ!" ಯಂಕವ್ವ ಅಲ್ಲೇ ಅಡ್ಡಬಿದ್ದಳು.

"ಏನೂ ಇಲ್ರಿ, ಕಂಪನಿ ಹೆಸರು. ಮಾಸ್ತರ, ನೀವು ಒಳಗ ನಡೀರಿ, ಬಿಸಲೈತಿ," ಅಂತ ಯಮನೂರ ಟವೆಲ್ ಬಿಚ್ಚಿ ಒರೆಸತೊಡಗಿದ. ಒದ್ದೆ ಟವೆಲ್ ಅದು. ಒರೆಸಿದಷ್ಟೂ ಅಕ್ಷರ ನಿಚ್ಚಳವಾದವು.

ಅಕ್ಷರ ಕಂಡಮೇಲೆ ಓದದೆ ಬಿಡಲು ಅವರೇನು ಮಾಸ್ತರರಲ್ಲವೇ? ಗೋಡೆ ಸುತ್ತಿ ಬಂದರು. ಉಲ್ಟಾ ಇದ್ದುದರಿಂದ ದೋಣಿಗೆ ಬೆನ್ನು ಮಾಡಿ ನಿಂತು, ಧೋತರ ಮೇಲೆತ್ತಿ ಕಟ್ಟಿ, ಬಗ್ಗಿ ತಮ್ಮ ಎರಡು ಕಾಲುಗಳ ನಡುವಿನಿಂದ ನೋಡುತ್ತ, ತರಗತಿಯಲ್ಲಿ ಓದುವ ದನಿಯಲ್ಲಿ ಶುರುಮಾಡಿದರು: "ಚಿರಂಜೀವಿ ಸೌಭಾಗ್ಯವತಿ ಕಸ್ತೂರಿಗೆ... ಮದುವೆಯ ಕಾಣಿಕೆ. ತಂದೆ ಕುಬೇರಪ್ಪ ಬಡಿಗೇರ... ಸಿದ್ದಾಪುರ."

ಕೊಡ ಹಿಡಿದ ಹೆಂಗಸರೆಲ್ಲ ಒಮ್ಮೆಲೇ ಕಸ್ತೂರೆಮ್ಮನ ಕಡೆ ತಿರುಗಿದರು.

ಕಸ್ತೂರೆಮ್ಮ ಒಳಗೆ ಹೋದಳು. ಚಾದರ ಎಳೆದ ಸಪ್ಪಳ ಬಂತು. ಅವಳಪ್ಪ ತನ್ನ ಕೈಯಿಂದಲೇ ಕೆತ್ತಿ, ಎಲ್ಲ ತವರಿನವರ ಹಾಗೆ ಹೆಸರು ಬರೆಸಿ ಕೊಟ್ಟ ಮಂಚಕ್ಕೆ ತಲೆದೆಸೆಯ ಹಲಗೆಯೇ ಇರಲಿಲ್ಲ. ಅಲ್ಲಿ ಎರಡು ಜೋಳದ ಚೀಲ ನಿಂತಿದ್ದವು.

"ಅದಕ್ಕ ರಾತ್ರಿಯೆಲ್ಲಾ ತಲಿಗೆ ಹುಳ ಹತ್ತತಿದ್ವು," ಅನ್ನುವ ಮಾತು ಒಳಗಿನಿಂದ ಬಹಳ ಮೆತ್ತಗೆ ಬಂತು. ಅವಳು ಮೆತ್ತಗೆ ಮಾತಾಡಿದಳೆಂದರೆ ಕೂಗಾಡಿದ್ದಕ್ಕಿಂತ ಕೆಟ್ಟದ್ದೆಂದು ಯಮನೂರನಿಗೆ ಗೊತ್ತಿತ್ತು.

ನಾಲ್ಕಕ್ಕೆ ಸರಿಯಾಗಿ ತಾಹೇರ ಗಾಡಿ ತಂದ. ದೋಣಿ ಸುತ್ತಿದ, ಅಡಿಗೆ ಕೈ ಹಾಕಿ ನೋಡಿದ, ಹಿಂದಿನ ಹಲಗೆಯನ್ನು ಗುದ್ದಿದ. "ವಾಹ್! ಹಿಂಥಾ ಹಲಗಿ ಹೊಸ ದೋಣ್ಯಾಗೂ ಇರಂಗಿಲ್ಲ. ನೀರ ಖಾಲಿ ಮಾಡ್ರಿ, ಹೋಗೂಣು."

ಯಮನೂರನ ಜೀವ ಬಾಯಿಗೆ ಬಂದದ್ದು ತಿರುಗಿ ಸ್ವಸ್ಥಾನಕ್ಕೆ ಹೋಯಿತು. "ಕಸ್ತೂರಿ, ದೋಣಿ ಹೊಂಟೈತಿ ನೋಡು. ನೀ ಹೇಳಿದ್ಹಂಗ, ಸಂಜಿಯೊಳಗ!"

ಕಸ್ತೂರೆಮ್ಮ ಬಾಗಿಲಲ್ಲಿ ಬಂದು ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿ.

"ಯಾರ ದೋಣಿ ಹೊಂಟೈತಿ? ಅದರ ಮ್ಯಾಲ ಯಾರ ಹೆಸರೈತಿ?"

ಅವಳು ಮಾಸ್ತರರ ಕಡೆ ತಿರುಗಿದಳು.

"ಮಾಸ್ತರ, ಇನ್ನೊಮ್ಮೆ ಓದ್ರಿ."

ಮಾಸ್ತರರು ಪಾಪ, ಮತ್ತೆ ಬಗ್ಗಿದರು.

"ಕೇಳಿದ್ರಲ್ಲಾ? ನನ್ನ ತವರಮನಿ ಸಾಮಾನದು. ಮಾರಾಕ ಇವ್ರ್ಯಾರು? ಇಲ್ಲೇ ಇರ್ತೈತಿ. ಓಣಿ ಮಂದಿ ನೀರ ತುಂಬ್ಕೊಳ್ರಿ."

ಕೊಡಗಳು ಒಮ್ಮೆಲೇ ದೋಣಿಗೆ ಬಿದ್ದವು. ತಾಹೇರ ಎರಡೂ ಕೈ ಎತ್ತಿದ. "ಭಾಭೀ ಸಾಮಾನ. ನಾ ಮುಟ್ಟಂಗಿಲ್ರಿ." ಚಹಾ ಕುಡಿದು ಖಾಲಿ ಗಾಡಿಯಲ್ಲಿ ಹೊರಟುಹೋದ. ಮೊದಲನೇ ಸವಾರಿಯೂ ಅದರಲ್ಲೇ ಹೋಯಿತು.

"ಹಂಗಾದ್ರ ನೀ ತವರಿಗೆ ಹೋಗಂಗಿಲ್ಲಲ್ಲಾ?" ಯಮನೂರ ಆಸೆಯಿಂದ ಕೇಳಿದ.

"ನಾ ಯಾಕ ಹೋಗ್ಲಿ?" ಅವಳು ಒಳಗಿನಿಂದ ಬ್ಯಾಗು ತಂದು ಅವನ ಕೈಗಿಟ್ಟಳು. "ಆರು ಗಂಟೆ ಬಸ್ಸೈತಿ. ಅಪ್ಪಾರ ಮುಂದ ನಿಂತು ಏನ್ ಮಾಡೀರಿ ಹೇಳ್ರಿ. ಹಂಥಾದ ಇನ್ನೊಂದ ಹಲಗಿ ಕೆತ್ತಿಸ್ಕೊಂಡು ಬರ್ರಿ. ಅಲ್ಲೀತನಕ ಮನಿ ಕಡೆ ಬರಬ್ಯಾಡ್ರಿ."

ಬಸ್ಸಿನಲ್ಲಿ ಟವೆಲ್ ಹುಡುಕಲೆಂದು ಬ್ಯಾಗು ತೆರೆದ. ನಾಲ್ಕು ಸೀರೆ, ಒಂದು ಹಣಿಗೆ ಇದ್ದವು. ಗಂಗಾವತಿ ದಾಟಿ ಕಾಲುವೆಯ ನಾಡು ಬರುತ್ತಿದ್ದಂತೆ ಕಿಟಕಿಯಾಚೆ ಬೆಳದಿಂಗಳಲ್ಲಿ ಅಂಚಿನ ತನಕ ತುಂಬಿದ ನೀರು ಬಸ್ಸಿನ ಜೊತೆಗೇ ಓಡತೊಡಗಿತು. ದೋಣಿಯೊಂದಿದ್ದರೆ ಬಸ್ಸಿಗಿಂತ ಮುಂಚೆ ಮುಟ್ಟುತ್ತಿತ್ತು ಅನಿಸಿ ಅವನಿಗೆ ಹೊಟ್ಟೆ ಉರಿಯಿತು. ದೋಣಿ ಅಂಗಳದಲ್ಲಿ ಟಾಕಿಯಾಗಿ ಕೂತಿತ್ತು, ಹೊರಟಿದ್ದವನು ತಾನು.

ಫೋನು ಬಡಿದುಕೊಂಡಿತು. ಮಾವ ಕುಬೇರಪ್ಪ.

"ಕಸ್ತೂರಿ ಎಲ್ಲಾ ಹೇಳಿದ್ಲಪ್ಪಾ. ಸಿಟ್ಟಿಲ್ಲ, ಬಾ. ಹಲಗಿ ಕೆತ್ತಾಕ ಒಂದ್ ತಿಂಗಳರ ಬೇಕು. ಅಲ್ಲೀತನಕ ನೀನೂ ಖಾಲಿ ಕೂಡಬ್ಯಾಡ, ನಮ್ಮ ಮಾಳಿಗಿ ಮ್ಯಾಲ ಎರಡ ಟಾಕಿ ಸೋರಾಕ ಹತ್ಯಾವ."