ನಮ್ಮ ರೂಮಿನ ಪರದೆ ಕಾನೂನು

ಊರಿಗೆ ಹೋದಾಗಲೆಲ್ಲ ಜನ ಕೇಳುವುದು ಒಂದೇ: "ಸೌದಿಯಲ್ಲಿ ಎಂತ ವಿಶೇಷ?" ಎಂತ ಹೇಳುವುದು ಮಾರಾಯ್ರೆ! ಯಾನ್ಬುವಿನ ರಿಫೈನರಿಯಲ್ಲಿ ನಾನು ಸ್ಟೋರ್ ಕೀಪರ್. ಅಲ್ಲಿ ನಟ್ಟು ಬೋಲ್ಟು ಬಿಟ್ಟರೆ ವಿಶೇಷ ಇಲ್ಲ. ವಿಶೇಷ ಏನಿದ್ದರೂ ರೂಮಿನಲ್ಲಿ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರನ್ನು ಒಂದೇ ಕೋಣೆಗೆ ತುಂಬಿದರೆ ಎಂತೆಂತದೋ ಆಗುತ್ತಲೇ ಇರುತ್ತದೆ.

ರಿಮೋಟಿಗೆ ಸ್ವಾತಂತ್ರ್ಯ ಸಿಕ್ಕಿದ್ದು

ನಾನು ಸೇರಿದಾಗ ರೂಮಿಗೊಬ್ಬ ಲೀಡರ್ ಇದ್ದ, ಎಲ್ಲರಿಗಿಂತ ಹಳಬ. ಏಸಿ ರಿಮೋಟು ಅವನ ದಿಂಬಿನ ಅಡಿಯಲ್ಲಿ. ಲೈಟು ಆರಿಸುವುದು ಅವನು, ಸಾರಿಗೆ ಉಪ್ಪು ಹಾಕುವುದು ಅವನು, ನಾವು ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿದರೆ "ಸಾಕು ಸಾಕು" ಎನ್ನುವವನೂ ಅವನೇ. ಅವನು ಕೆಲಸ ಬಿಟ್ಟು ಊರಿಗೆ ಹೋದ ಸಂಜೆ ಉಳಿದ ನಾಲ್ವರು ಸೇರಿ ಪಾಯಸ ಮಾಡಿದೆವು.

ನಮ್ಮಲ್ಲೊಬ್ಬರು ಮಂಗಳೂರಿನ ಸೇಫ್ಟಿ ಆಫೀಸರ್. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದವರು, ಹಾಗಾಗಿ ನಮಗೆಲ್ಲ 'ಮಾಸ್ಟ್ರು'. ಪಾಯಸದ ಲೋಟ ಹಿಡಿದುಕೊಂಡೇ ಪಾಠ ಶುರು ಮಾಡಿದರು. "ಅಮೆರಿಕ ದೇಶ ಕಟ್ಟಿದವರು ಇಂಗ್ಲೆಂಡಿನ ರಾಜನ ಕಾಟ ತಪ್ಪಿಸಿಕೊಂಡ ಮೇಲೆ ಎಂತ ಮಾಡಿದರು ಗೊತ್ತುಂಟಾ? ಇನ್ನೊಬ್ಬ ರಾಜನನ್ನು ಕೂರಿಸಲಿಲ್ಲ. ತಾವೇ ಮಾಡಿದ ಸರಕಾರಕ್ಕೂ ಮೂಗುದಾರ ಹಾಕಿದರು. ಇಷ್ಟು ನಿನ್ನ ಕೆಲಸ, ಇದರಾಚೆ ಕೈ ಹಾಕಬೇಡ ಅಂತ."

ನಾವೂ ಹಾಗೇ ಮಾಡಿದೆವು. ತಿಂಗಳಿಗೊಬ್ಬ ಲೀಡರ್. ಅವನ ಅಧಿಕಾರ ಗ್ಯಾಸ್, ನೀರು, ಕಸ, ಇಷ್ಟಕ್ಕೇ. ಒಬ್ಬೊಬ್ಬರ ಮಂಚದ ಸುತ್ತ ಬೆಡ್‌ಶೀಟಿನ ಪರದೆ ಇರುತ್ತದಲ್ಲ, ಅದರೊಳಗೆ ಅವನವನದೇ ರಾಜ್ಯ. ಒಳಗಿದ್ದವನು ಒಪ್ಪದೆ ಯಾರೂ ಅದನ್ನು ತೆಗೆಯುವಂತಿಲ್ಲ. ಈ ಪರದೆ ಕಾನೂನು ಬದಲಾಯಿಸಬೇಕಾದರೆ ನಾಲ್ವರೂ ಕೈ ಎತ್ತಬೇಕು. "ಯಾರಾದರೂ ಜೋರು ಮಾಡಿದರೆ ಒಂದೇ ಪ್ರಶ್ನೆ ಕೇಳಿ," ಎಂದರು ಮಾಸ್ಟ್ರು. "ಯಾವ ಅಧಿಕಾರದಲ್ಲಿ?"

ಏಸಿ ಮಾತ್ರ ಯಾರ ಅಧಿಕಾರಕ್ಕೂ ಸೇರಿರಲಿಲ್ಲ. ಕುಂದಾಪುರದ ಕ್ರೇನ್ ಆಪರೇಟರ್ ಅದನ್ನು ಹದಿನಾರಕ್ಕೆ ಇಳಿಸಿದ. ಯಾನ್ಬುವಿನ ಜುಲೈ ತಿಂಗಳು, ಹೊರಗೆ ಕಾಲಿಟ್ಟರೆ ಚಪ್ಪಲಿ ಸುಡುತ್ತದೆ. ಒಳಗೆ ಕಾರ್ಕಳದ ವೆಲ್ಡರ್ ಸ್ವೆಟರ್ ಹಾಕಿ, ಮಂಕಿ ಕ್ಯಾಪ್ ಏರಿಸಿ, ಸ್ವಾತಂತ್ರ್ಯ ಅನುಭವಿಸುತ್ತಿದ್ದ.

ಒಣಮೀನಿನ ಮೊಕದ್ದಮೆ

ವೆಲ್ಡರ್ ಶನಿವಾರ ಮೀನು ಮುಟ್ಟುವುದಿಲ್ಲ. ಅವನು ಲೀಡರ್ ಆದ ತಿಂಗಳು ಕ್ರೇನ್‌ನವ ಸರಿಯಾಗಿ ಶನಿವಾರವೇ ಒಣ ಬಂಗುಡೆ ಹುರಿಯಲಿಟ್ಟ.

"ನಿಲ್ಸು!" ಎಂದ ವೆಲ್ಡರ್.

"ಯಾವ ಅಧಿಕಾರದಲ್ಲಿ?"

"ಗ್ಯಾಸ್ ನನ್ನ ಅಧಿಕಾರ," ಎಂದು ವೆಲ್ಡರ್ ಸಿಲಿಂಡರ್ ಬಂದ್ ಮಾಡಿಬಿಟ್ಟ.

ಇಬ್ಬರೂ ಬಾಣಲೆ ಸಮೇತ ಮಾಸ್ಟ್ರ ಹತ್ತಿರ ನ್ಯಾಯಕ್ಕೆ ಹೋದರು. ಮಾಸ್ಟ್ರು ಬಾಣಲೆ ಮಡಿಲಲ್ಲಿಟ್ಟುಕೊಂಡು ವಾದ ಕೇಳಿದರು, ಅಮೆರಿಕಕ್ಕೆ ಹೋದರು, ಸುತ್ತಾಡಿಕೊಂಡು ಬಂದರು. ಕಡೆಗೆ ತೀರ್ಪು: "ಗ್ಯಾಸ್ ಅವನದ್ದೇ. ಆದರೆ ಅದನ್ನು ಹಿಡಿದುಕೊಂಡು ಇನ್ನೊಬ್ಬನ ಊಟ ನಿಲ್ಲಿಸುವ ಹಾಗಿಲ್ಲ. ಮೀನು ಹುರಿಯಬಹುದು."

ಗೆದ್ದ ಕ್ರೇನ್‌ನವ ನೋಡುತ್ತಾನೆ, ಬಾಣಲೆ ಖಾಲಿ. "ಮೀನೆಲ್ಲಿ ಮಾಸ್ಟ್ರೇ?"

"ಅದು ಸಾಕ್ಷಿ ಮಾರಾಯ. ಪರಿಶೀಲನೆ ಆಯಿತು."

ಖಾಲಿ ಮಂಚ

ಕಾಂಟ್ರಾಕ್ಟ್ ಮುಗಿದು ಮಾಸ್ಟ್ರು ಊರಿಗೆ ಹೋದರು. ಅವರ ಮಂಚಕ್ಕೆ ಇನ್ನೂ ಯಾರೂ ಬಂದಿಲ್ಲ. ಪರದೆ ಹಾಗೇ ಉಂಟು, ತೆಗೆಯುವ ಅಧಿಕಾರ ಯಾರಿಗೂ ಇಲ್ಲ.

ಶುಕ್ರವಾರ ರಜೆ. ಮಧ್ಯಾಹ್ನ ಬಿರಿಯಾನಿ ಉಂಡು ಮೂವರೂ ಪರದೆ ಎಳೆದುಕೊಂಡರೆ ಮುಗಿಯಿತು. ಯಾರ ಮನೆಯಲ್ಲಿ ಎಂತ ಆಯಿತು, ಯಾರು ಯಾಕೆ ಮೂಗು ಒರೆಸಿಕೊಂಡ, ಯಾರೂ ಕೇಳುವುದಿಲ್ಲ. ಸ್ವಾತಂತ್ರ್ಯ ಇಷ್ಟು ಬೇಜಾರಿನ ಸಂಗತಿ ಅಂತ ಮಾಸ್ಟ್ರು ನಮಗೆ ಹೇಳಿರಲಿಲ್ಲ. ಟೀ ಬೇಕಾ ಅಂತ ಕೇಳುವುದೂ ವಾಟ್ಸಪ್ ಗ್ರೂಪಿನಲ್ಲೇ. ನಾನು "ಟೀ?" ಅಂತ ಒತ್ತಿದರೆ ಪಕ್ಕದ ಪರದೆಯೊಳಗೆ ಟಿಂಗ್ ಅನ್ನುತ್ತದೆ.

ಒಂದು ಶುಕ್ರವಾರ ಮೂರು "ಬೇಕು" ಬಂತು. ನಾನು ಹಳೇ ಅಭ್ಯಾಸದಲ್ಲಿ ನಾಲ್ಕು ಲೋಟ ತುಂಬಿಸಿದೆ. ಆಮೇಲೆ ನೋಡಿದರೆ ಮೂರನೆಯ "ಬೇಕು" ಮಂಗಳೂರಿನಿಂದ ಬಂದದ್ದು. ಕೆಳಗೆ ಇನ್ನೊಂದು ಸಾಲು: "ಸಕ್ಕರೆ ಕಡಿಮೆ ಹಾಕು ಮಾರಾಯ, ಶುಗರ್ ಉಂಟು."

ಪರದೆಯ ಹೊರಗಿನ ಸಭೆ

ಕಳೆದ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಗಂಟಲು ಕಟ್ಟಿ ಸ್ವರವೇ ಹೊರಡದು. ಪರದೆಯೊಳಗೆ ಮುದುಡಿ ಮಲಗಿದೆ. ಪರದೆ ನಾನೇ ಸರಿಸಬಹುದಿತ್ತಲ್ಲ ಎನ್ನುತ್ತೀರಿ. ಹೌದು, ಸರಿಸಬಹುದಿತ್ತು. ಆದರೆ ಯಾರಾದರೂ ತಾವಾಗಿ ತೆಗೆದು, "ಎಂತ ಆಯಿತು ನಿಮಗೆ?" ಅಂತ ಕೇಳಲಿ ಎಂದು ನನಗೆ ಆಸೆ. ಮನೆ ಬಿಟ್ಟು ಬಂದ ಮೇಲೆ ನನ್ನ ಹಣೆ ಮುಟ್ಟಿ ನೋಡಿದವರಿಲ್ಲ.

ಹೊರಗೆ ಪಿಸುಪಿಸು ಶುರುವಾಯಿತು. "ಅಣ್ಣಾ, ಪರದೆ ತೆಗೀಲಿಕ್ಕೆ ಒಪ್ಪಿಗೆ ಉಂಟಾ?" ನನ್ನಿಂದ ಹಾಂ ಇಲ್ಲ, ಹೂಂ ಇಲ್ಲ. ಕಾನೂನನ್ನೇ ಬದಲಾಯಿಸುವುದೆಂದು ತೀರ್ಮಾನವಾಯಿತು. ನಾಲ್ಕು ಕೈ ಬೇಕಲ್ಲ, ಮಾಸ್ಟ್ರಿಗೆ ಫೋನ್ ಹೋಯಿತು.

"ತೆಗೀಬೇಕು ಅನ್ನುವವರು ಕೈ ಎತ್ತಿ," ಎಂದ ವೆಲ್ಡರ್.

"ನಾನು ಎತ್ತಿದ್ದೇನೆ," ಎಂದರು ಮಾಸ್ಟ್ರು ಮಂಗಳೂರಿನಲ್ಲಿ.

"ಕಾಣುವುದಿಲ್ಲ ಮಾಸ್ಟ್ರೇ, ವಿಡಿಯೋ ಹಾಕಿ."

ನಾನೂ ಎತ್ತಿದೆ. ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಎತ್ತಿದೆ, ಪರದೆಯ ಒಳಗೆ.

"ಮೂರೇ ಕೈ," ಎಂದ ಕ್ರೇನ್‌ನವ. "ಪಾಸಾಗಲಿಲ್ಲ." ಹೆಜ್ಜೆಗಳು ಅಡುಗೆಮನೆ ಕಡೆಗೆ ಹೋದವು. ನನಗೆ ಅಳು ಬಂತು, ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಪರದೆಯ ಅಡಿಯಿಂದ ಗಂಜಿ ಬಟ್ಟಲು ತೂರಿ ಬಂತು, ಮೇಲೆ ಉಪ್ಪಿನಕಾಯಿ. "ತೆಗೆಯಬಾರದು ಅಂತ ಕಾನೂನು," ಎಂದಿತು ಕ್ರೇನ್‌ನವನ ಧ್ವನಿ. "ಅಡಿಯಿಂದ ಕೈ ಹಾಕಬಾರದು ಅಂತ ಇಲ್ಲ." ಆ ಕೈ ಕತ್ತಲಲ್ಲಿ ತಡಕಾಡಿತು. ದಿಂಬು ಮುಟ್ಟಿತು, ಕಿವಿ ಹಿಂಡಿತು, ಒಂದು ಬೆರಳು ಸೀದಾ ನನ್ನ ಮೂಗಿನೊಳಗೆ ಹೋಯಿತು. ಕಡೆಗೆ ಹಣೆಯ ಮೇಲೆ ಬಂದು ಕೂತಿತು. "ಅಯ್ಯೋ, ಬೆಂಕಿಯ ಹಾಗೆ ಸುಡ್ತದಲ್ಲ ಮಾರಾಯ!"

ನಾನು ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಅಣ್ಣ, ಕೈ ಬಿಡಿ, ಒಲೆ ಮೇಲೆ ಹಾಲು ಉಂಟು."

ಬಿಡಲಿಲ್ಲ.

"ಬಿಡಿ ಅಣ್ಣ, ಉಕ್ಕುತ್ತದೆ!"

ಬಿಡಲಿಲ್ಲ. ಹೊರಗೆ ವೆಲ್ಡರ್ ಫೋನಿಗೆ ಕೂಗುತ್ತಿದ್ದ: "ಮಾಸ್ಟ್ರೇ, ಅಣ್ಣ ಕ್ರೇನ್‌ನವನನ್ನು ಅರೆಸ್ಟ್ ಮಾಡಿದ್ದಾರೆ! ಕೇಳಿ, ಯಾವ ಅಧಿಕಾರದಲ್ಲಿ?"